ರಾಕ್ಷಸಿಗೆ ಅಳು ಕಲಿಸಿದ ಆಯಿ

ಮೊನ್ನೆ ಕುಸನೂರಿನ ನನ್ನ ಬಾಡಿಗೆ ಕೋಣೆಗೆ ಒಂದು ಡಜನ್ ಕೆಂಪು ಬಾಳೆ ತಂದಿಟ್ಟಿದ್ದೆ. ಮರುದಿನ ಸಂಜೆ ಬೀಗ ತೆಗೆದಾಗ ಆ ವಾಸನೆ ಬಂತು. ಸಿಹಿ, ಸ್ವಲ್ಪ ಹುಳಿ, ಅದರ ಹಿಂದೆ ಒಣ ಎಲೆಯ ಘಾಟು. ಬಾಗಿಲಲ್ಲೇ ಹಿಡಿದು ನಿಲ್ಲಿಸುವ ಇಂಥದೊಂದು ವಾಸನೆ ನಿಮಗೂ ಇದ್ದೀತು. ಕಮಲಾಪುರದ ನಮ್ಮ ಮನೆಯ ನಡುಕೋಣೆ ಹೀಗೇ ಇರುತ್ತಿತ್ತು. ಒಣ ಎಲೆ ಹಾಸಿ ಗೊನೆಗಳನ್ನು ಮುಚ್ಚಿಟ್ಟ ಆ ಮಬ್ಬಿನಲ್ಲಿ ಆಯಿ, ಅಂದರೆ ನನ್ನ ಅಪ್ಪನ ತಾಯಿ, ಮಧ್ಯಾಹ್ನ ಅಡ್ಡಾಗುತ್ತಿದ್ದಳು. ಆಕೆಯ ಸೀರೆಗೂ ಕೌದಿಗೂ ಕೂದಲಿಗೂ ಅದೇ ವಾಸನೆ. ರಸ್ತೆ ಅಗಲ ಮಾಡಿದಾಗ ಆ ಮನೆ ಹೋಯಿತು. ಆಯಿ ಮಲಗುತ್ತಿದ್ದ ಜಾಗದ ಮೇಲೆ ಈಗ ಬಸ್ಸುಗಳು ಓಡುತ್ತವೆ.

ಆಯಿ ಊರಿನಲ್ಲಿ ಹೆಸರಾದದ್ದು ಅಳುವುದಕ್ಕೆ. ಸಾವಿನ ಮನೆಯಲ್ಲಿ ಹೆಂಗಸರು ಹಾಡ್ಯಾಡಿ ಅಳುವುದು ನಮ್ಮ ಕಡೆಯ ರೂಢಿ. ಸತ್ತವರನ್ನು ಅಪ್ಪಾ, ತಮ್ಮಾ ಎಂದು ಕರೆಯುತ್ತ, ಅವರ ಬದುಕನ್ನು ಧಾಟಿಯಲ್ಲಿ ಎಳೆದು ಹೇಳುತ್ತ ಅಳುತ್ತಾರೆ. ಆಯಿ ಬಂದು ಕೂತು ಬಾಯಿ ತೆಗೆದರೆ, ಗೋಡೆಗೆ ಒರಗಿ ನಿಂತ ಗಂಡಸರೂ ಟವೆಲ್ಲನ್ನು ಮುಖಕ್ಕೆ ಒತ್ತಿಕೊಳ್ಳುತ್ತಿದ್ದರು. ಆದರೆ ಆ ವಿದ್ಯೆ ಮನೆಯಲ್ಲಿ ಯಾರಿಗೂ ಇಳಿಯಲಿಲ್ಲ. ನನ್ನ ಅವ್ವನೂ ಅತ್ತೆಯರೂ ಕಲಬುರಗಿಯಲ್ಲಿ ಸಂಸಾರ ಹೂಡಿ, ಸದ್ದಿಲ್ಲದೆ ಕಣ್ಣೊರೆಸಿಕೊಳ್ಳುವುದನ್ನು ಕಲಿತಿದ್ದರು. “ಊರಿಗೆಲ್ಲ ನಾ ಅತ್ತೀನಿ. ನನ್ನ ಮಣ್ಣಿಗಿ ಯಾರು ಅಳ್ತೀರಿ? ಮೊಬೈಲ್ ಹಚ್ತೀರೇನು?” ಎಂದು ಆಯಿ ಊಟಕ್ಕೆ ಕೂತಾಗ ಕೇಳುತ್ತಿದ್ದಳು. ಎಲ್ಲರೂ ನಗುತ್ತಿದ್ದರು. ಆಕೆ ಮಾತ್ರ ನಗುತ್ತಿರಲಿಲ್ಲ.

ನಾನು ಕಲಬುರಗಿಯಲ್ಲಿ ಎಂಟನೆಯ ತರಗತಿಯಲ್ಲಿದ್ದಾಗ, ಥಾಯ್‌ಲ್ಯಾಂಡಿಗೆ ಯಾತ್ರೆ ಹೋಗಿ ಬಂದ ನಮ್ಮ ಕನ್ನಡ ಟೀಚರ್ ಅಲ್ಲಿಯ ಒಂದು ಹಳೆಯ ಮಹಾಕಾವ್ಯವನ್ನು ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಮಾಡಿಸಲು ಹೊರಟರು. ಕೊಳಲೂದುವ ರಾಜಕುಮಾರನನ್ನು ಸಮುದ್ರದ ರಾಕ್ಷಸಿ ಮೆಚ್ಚಿ ಹೊತ್ತೊಯ್ಯುತ್ತಾಳೆ. ಚೆಲುವೆಯ ವೇಷದಲ್ಲಿ ಗುಹೆಯೊಳಗೆ ಅವನೊಂದಿಗೆ ಸಂಸಾರ ಮಾಡಿ ಮಗನನ್ನು ಹಡೆಯುತ್ತಾಳೆ. ನಿಜ ತಿಳಿದ ಅವನು ಮತ್ಸ್ಯಕನ್ಯೆಯ ಬೆನ್ನೇರಿ ಮಗನೊಂದಿಗೆ ಪಾರಾಗುತ್ತಾನೆ. ಬೆನ್ನಟ್ಟಿ ಬಂದವಳು ದಡದಲ್ಲಿ ನಿಂತು ಅತ್ತು ಕರೆದರೆ, ಅವನು ತನ್ನ ಮಾಯದ ಕೊಳಲೂದಿ ಅವಳನ್ನು ಕೊಲ್ಲುತ್ತಾನೆ. ನಮ್ಮಲ್ಲಿ ಯಾರೂ ಸಮುದ್ರ ನೋಡಿದವರಲ್ಲ. ನನಗೆ ಮತ್ಸ್ಯಕನ್ಯೆಯಾಗುವ ಆಸೆ ಇತ್ತು. ಎತ್ತರ ಇದ್ದುದರಿಂದ ರಾಕ್ಷಸಿಯ ಪಾತ್ರ ಬಂತು. ನಾಲ್ಕು ಜನರೆದುರು ದನಿಯೇ ಹೊರಡದ ಹುಡುಗಿ ನಾನು. ತಾಲೀಮಿನಲ್ಲಿ ಅಳುವ ಜಾಗ ಬಂದಾಗಲೆಲ್ಲ ರಾಜಕುಮಾರನಾದ ಹುಡುಗ, “ರಾಕ್ಷಸಿಗಿ ನೆಗಡಿ ಆಗ್ಯಾದ್ರೀ ಟೀಚರ್” ಎನ್ನುತ್ತಿದ್ದ. ವೇದಿಕೆಯ ಮೇಲೂ ಹೀಗೇ ನಕ್ಕರೆ ಮತ್ತೆ ಆ ಶಾಲೆಗೆ ಕಾಲಿಡುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಆ ಶನಿವಾರ ಕಮಲಾಪುರಕ್ಕೆ ಹೋದಾಗ ಆಯಿಗೆ ಕಥೆ ಹೇಳಿದೆ. ಕೌದಿ ಹೊಲಿಯುತ್ತ ಕೇಳಿದಳು.

“ಆಕಿ ಅವಗ ಉಣ್ಣಾಕ ಹಾಕಿದಳಿಲ್ಲೋ?”

“ಹಾಕಿದಳು.”

“ಮಗನ್ನ ಹಡದು ಕೊಟ್ಟಳು?”

“ಹೂಂ. ಆದ್ರ ಆಕಿ ರಾಕ್ಷಸಿ, ಆಯಿ.”

“ಇಷ್ಟು ವರ್ಷ ಉಂಡು ಮಲಗುವಾಗ ಗೊತ್ತಾಗಲಿಲ್ಲೇನು ಆ ಹರಾಮಖೋರಗ?” ಸೂಜಿಯನ್ನು ಕೌದಿಗೆ ಚುಚ್ಚಿ ಎದ್ದಳು. “ನಡಿ, ಆಕಿ ಅಳು ನಾ ಕಲಸ್ತೀನಿ. ಮನ್ಯಾಗ ಬ್ಯಾಡ. ಯಾರೂ ಸಾಯಲಾರದ ಮನ್ಯಾಗ ಹಾಡ್ಯಾಡಿ ಅತ್ತರ ಸಾವಿಗಿ ಕರದಂಗ.”

ಹಾಗಾಗಿ ಬಾಳೆಯ ತೋಟಕ್ಕೆ ಹೋದೆವು. ಎಲೆಗಳ ಅಡಿಯಲ್ಲಿ ಹಸಿರು ಬೆಳಕು, ಆಗಷ್ಟೇ ನೀರು ಬಿಟ್ಟ ಮಣ್ಣಿನ ತಂಪು, ಕಾಲ್ಬೆರಳ ಸಂದಿಯಲ್ಲಿ ಕೆಸರು. ಟೀಚರ್ ಬರೆದುಕೊಟ್ಟ ‘ಎಲೈ ಪ್ರಾಣಕಾಂತನೇ’ ಎಂಬ ಮಾತು ಕೇಳಿ ಆಯಿ ತಲೆಯಾಡಿಸಿದಳು. “ಇದು ಅಳು ಅಲ್ಲವ್ವಾ, ಭಾಷಣ. ಹೋದವರು ಏನೇನು ಬಿಟ್ಟು ಹೋಗ್ಯಾರ ಅದು ನೋಡು, ಅಷ್ಟೇ ಹೇಳು. ಕಣ್ಣೀರು ತಾನೇ ಬರ್ತದ.” ಗುಹೆಯಲ್ಲಿ ಅವನು ಏನೇನು ಬಿಟ್ಟುಹೋಗಿರಬಹುದು ಎಂದು ಇಬ್ಬರೂ ಬದುವಿನ ಮೇಲೆ ಕೂತು ಯೋಚಿಸಿದೆವು. ಆಮೇಲೆ ಕಣ್ಣು ಮುಚ್ಚಿ ಆಕೆಯ ಧಾಟಿ ಹಿಡಿದೆ. “ನೀ ಉಂಡ ತಾಟು ತೊಳದಿಲ್ಲೋ ರಾಜಾ, ನಿನ್ನ ಹಾಸಿಗಿ ಮಡಚಿಲ್ಲೋ ರಾಜಾ, ಕೂಸಿನ ಕುಲಾಯಿ ಇಲ್ಲೇ ಅದಲ್ಲೋ ರಾಜಾ…” ಆ ದನಿ ನನ್ನೊಳಗೆ ಎಲ್ಲಿತ್ತೋ ತಿಳಿಯದು. ಕಣ್ಣು ಬಿಟ್ಟಾಗ ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ತೋಟದೊಳಗೆ ಓಡಿ ಬರುತ್ತಿದ್ದರು. “ಯಾರು ಹೋದರಬೇ ಯಕ್ಕಾ?” ಎಂದು ಮುಂದಿದ್ದವಳು ಏದುತ್ತ ಕೇಳಿದಳು.

ಆಯಿ ಕೂತಲ್ಲಿಂದ ಅಲುಗಲಿಲ್ಲ. “ಯಾರೂ ಹೋಗಿಲ್ಲ. ಸಮುದ್ರದಾಗ ಒಬ್ಬಾಕಿ ರಾಕ್ಷಸಿ ಸಾಯ್ಲಾಕತ್ತಾಳ.”

“ಹೌದಾ? ಪಾಪ,” ಎಂದು ಆಕೆ ಅಲ್ಲೇ ಕುಕ್ಕರಿಸಿದಳು. “ಏನಾಗಿತ್ತು ಆಕಿಗಿ?”

ವಾರ್ಷಿಕೋತ್ಸವದ ಸಂಜೆ ಆಯಿ ಇಳಕಲ್ ಸೀರೆ ಉಟ್ಟು ಅವ್ವನ ಪಕ್ಕ ಕೂತಿದ್ದಳು. ಏಪ್ರಿಲ್ ಹದಿನಾಲ್ಕರ ಜಯಂತಿಗೆ ನಮ್ಮ ಓಣಿಯಲ್ಲಿ ಕಟ್ಟುವ ಉದ್ದನೆಯ ನೀಲಿ ಬಟ್ಟೆಯೇ ಸಮುದ್ರ. ಎರಡು ತುದಿ ಹಿಡಿದು ಹುಡುಗಿಯರು ತೆರೆ ಎಬ್ಬಿಸುತ್ತಿದ್ದರು. ನನ್ನ ಮುಖಕ್ಕೆ ಹಸಿರು ಬಣ್ಣ, ಬಾಯಲ್ಲಿ ರಟ್ಟಿನ ಕೋರೆಹಲ್ಲು. ನಾನು ಕಂಡೊಡನೆ ಇಡೀ ಸಭೆ ನಕ್ಕಿತು. ಅಳುವ ಜಾಗ ಬಂದಾಗ, ಹಲ್ಲು ಕಟ್ಟಿಕೊಂಡು ಹಾಡಲಾಗದು ಎಂದು ಅದನ್ನು ತೆಗೆದು ಕೈಯಲ್ಲಿ ಹಿಡಿದೆ. ಮತ್ತೆ ನಗು. ‘ನೀ ಉಂಡ ತಾಟು’ ಎಂದೆ. ಹಿಂದೆ ಯಾರೋ ಇನ್ನೂ ಕಿಸಕ್ಕೆನ್ನುತ್ತಿದ್ದರು. ಕುಲಾಯಿಗೆ, ಕೂಸಿನ ಟೋಪಿಯ ಆ ಸಾಲಿಗೆ, ಬರುವಷ್ಟರಲ್ಲಿ ಸದ್ದಡಗಿತ್ತು. ದೀಪದ ಆಚೆ ಒಂದೊಂದೇ ಸೆರಗು ಕಣ್ಣಿಗೆ ಏರುವುದು ಕಂಡಿತು. ಇನ್ನು ರಾಜಕುಮಾರ ಕೊಳಲೂದಬೇಕು. ಅವನು ಅದನ್ನು ತುಟಿಗೆ ಏರಿಸದೆ ನನ್ನನ್ನೇ ನೋಡುತ್ತ ನಿಂತುಬಿಟ್ಟ. ಸ್ಪೀಕರಿನಲ್ಲಿ ಕೊಳಲು ತನ್ನಷ್ಟಕ್ಕೆ ನುಡಿಯಿತು. ನಾನೂ ನನ್ನಷ್ಟಕ್ಕೆ ಸತ್ತೆ.

ಮರುದಿನ ಕಮಲಾಪುರದ ಬಸ್ಸಿನಲ್ಲಿ ಆಯಿ ಕಿಟಕಿಯಾಚೆ ತೊಗರಿ ಹೊಲಗಳನ್ನು ನೋಡುತ್ತ ಕೂತಿದ್ದಳು. ಆಮೇಲೆ ನನ್ನ ಕೈ ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. “ಸತ್ತವರಿಗಿ ತಮ್ಮ ಅಳು ಕೇಳ್ಸೂದಿಲ್ಲವ್ವಾ. ನಾ ನೋಡು, ಕುರ್ಚಿ ಮ್ಯಾಲ ಕೂತು, ಚಹಾ ಕುಡದು, ನಂದು ಕೇಳಿ ಬಂದೆ.”

“ಅದು ರಾಜಕುಮಾರಗ ಅತ್ತಿದ್ದು, ಆಯಿ.”

“ಇರ್ಲಿ ಬಿಡು. ಆ ಹರಾಮಖೋರಗ ಏನು ಕೇಳ್ಸಿತು? ನಾ ಕೇಳಿದೆ.” ಹೇಳಿ ಹಲ್ಲು ಕಾಣುವಂತೆ ನಕ್ಕಳು. ಯಾರು ಅಳ್ತೀರಿ ಎಂಬ ಮಾತನ್ನು ಊಟದ ಹೊತ್ತಿನಲ್ಲಿ ಆಮೇಲೆ ಎಂದೂ ಎತ್ತಲಿಲ್ಲ.

ನಾನು ಎಂ.ಎ. ಓದುವಾಗ ಆಯಿ ತೀರಿಕೊಂಡಳು. ಆ ದಿನ ಓಣಿಯ ಹೆಂಗಸರು ನನ್ನ ಕಡೆ ನೋಡಿದರು. ನಾನು ಹಾಡಲಿಲ್ಲ, ಆಕೆ ತನ್ನ ಅಳು ಕೇಳಿಯೇ ಹೋಗಿದ್ದಳು. ನಡುಕೋಣೆಗೆ ಹೋಗಿ ಕೂತೆ. ಅರ್ಧ ಹೊಲಿದ ಕೌದಿಯಲ್ಲಿ ಸೂಜಿ ಚುಚ್ಚಿದಂತೆಯೇ ಇತ್ತು. ಕನ್ನಡಕ ಗೂಡಿನಲ್ಲಿತ್ತು. ಆಕೆ ಮುಚ್ಚಿಟ್ಟ ಗೊನೆ ಒಣ ಎಲೆಯ ಅಡಿಯಲ್ಲಿ ಇನ್ನೂ ಅರೆಗಾಯಿ. ಮೂರನೆಯ ದಿನ ಅದು ಪೂರ್ತಿ ಹಣ್ಣಾಯಿತು. ಬಂದವರಿಗೆಲ್ಲ ಒಂದೊಂದು ಕೊಟ್ಟೆವು. ಅಂಗಳದಲ್ಲಿ ಕೂತು, ಸಿಪ್ಪೆ ಸುಲಿದು ತಿಂದರು.