ಕ್ಯಾಮೆರಾದ ಹಣೆಗೆ ವಿಭೂತಿ

ನಾನು ಚಿಕ್ಕವನಿದ್ದಾಗ, ಒಂದು ಆಯುಧಪೂಜೆಯ ದಿನ, ಚಾಮರಾಜಪೇಟೆಯ ನಮ್ಮ ಮನೆಯ ಪೂಜೆಯ ಮಣೆಯ ಮೇಲೆ ಅಪ್ಪನ ಹೊಸ ಕ್ಯಾಮೆರಾ ತಕ್ಕಡಿಯ ಪಕ್ಕದಲ್ಲಿ ಕೂತಿತ್ತು. ತರಗುಪೇಟೆಯಲ್ಲಿ ಬೇಳೆಕಾಳು ಮಾರುತ್ತಿದ್ದ ಅಪ್ಪನಿಗೆ ಫೋಟೋ ತೆಗೆಯಲು ಚೂರೂ ಬರುತ್ತಿರಲಿಲ್ಲ. ತಂದದ್ದು ಮಾತ್ರ ಸ್ಟುಡಿಯೋದವರೇ ಬಾಯಿ ಬಿಟ್ಟು ನೋಡುವಂಥ ಜರ್ಮನಿಯ ಕ್ಯಾಮೆರಾ!

ಮಾರನೆಯ ಬೆಳಿಗ್ಗೆ ಅಕ್ಕ ಗಂಡನ ಜೊತೆ ಬೊಂಬಾಯಿಗೆ ಹೊರಡುವವಳಿದ್ದಳು. ಮದುವೆಯ ಫೋಟೋದಲ್ಲಿ ಅವಳು ನಾಚಿ ತಲೆ ತಗ್ಗಿಸಿದ್ದರಿಂದ ಕಾಣುತ್ತಿದ್ದದ್ದು ಬೈತಲೆ ಮಾತ್ರ. "ಇವಳ ಮುಖ ಕಾಣೋ ಹಾಗೆ ಒಂದೇ ಒಂದು ಫೋಟೋ ತೆಗೀರಿ. ಅದನ್ನ ನೋಡ್ಕೊಂಡಾದ್ರೂ ಇರ್ತೀನಿ," ಎಂದು ಅಮ್ಮ ಕೇಳಿದ್ದಳು. ಅದಕ್ಕೇ ಅಪ್ಪ ಅಷ್ಟು ದುಡ್ಡು ಸುರಿದದ್ದು.

ಸಾಂಬ್ರಾಣಿ ಹೊಗೆ, ಚೆಂಡುಹೂವಿನ ಘಾಟು ಮನೆ ತುಂಬಿತ್ತು. ಅಪ್ಪ ತಕ್ಕಡಿಗೆ, ತೂಕದ ಕಲ್ಲುಗಳಿಗೆ, ಈಳಿಗೆಮಣೆಗೆ ಮೂರು ಬೆರಳಲ್ಲಿ ವಿಭೂತಿ ಎಳೆದರು. ಕ್ಯಾಮೆರಾದ ಲೆನ್ಸೇ ಅದರ ಹಣೆಯೆಂದು ಅವರಿಗೆ ತೋರಿತೇನೋ, ಅಲ್ಲೇ ಎಳೆದು ನಡುವೆ ಗಂಧದ ಬೊಟ್ಟನ್ನೂ ಇಟ್ಟರು. ನಾನೂ ಭಕ್ತಿಯಿಂದ ಕೈಮುಗಿದೆ.

ಬಿಸಿಲು ಇಳಿಯುವ ಮುಂಚೆ ಅದನ್ನು ಪಂಚೆಯ ತುದಿಯಿಂದ ಒರೆಸಿ, ಹಿತ್ತಲಿನ ಸಂಪಿಗೆ ಮರದಡಿ ಅಕ್ಕನನ್ನು ನಿಲ್ಲಿಸಿದರು. "ತಲೆ ಎತ್ತಮ್ಮ, ಸ್ವಲ್ಪ ನಗು." ಅಕ್ಕ ಅಳು ನುಂಗಿಕೊಂಡು ನಕ್ಕಳು. ಅಪ್ಪ ನೋಡುತ್ತಿದ್ದ ಕಿಂಡಿಯೇ ಬೇರೆ, ಚಿತ್ರ ಹಿಡಿಯುವ ಲೆನ್ಸೇ ಬೇರೆ. ಲೆನ್ಸಿನ ಮೇಲೆ ಉಳಿದಿದ್ದ ಗಂಧದ ಮಸುಕು ಅವರಿಗೆ ಕಾಣಲೇ ಇಲ್ಲ.

ವಾರ ಕಳೆದು ಹನ್ನೆರಡು ಫೋಟೋ ಬಂದವು. ಹನ್ನೆರಡರಲ್ಲೂ ಅಕ್ಕ ಮಂಜಿನೊಳಗೆ ನಿಂತಂತಿದ್ದಳು. ಕಣ್ಣು, ಮೂಗು ಯಾವುದೂ ಇಲ್ಲ. "ನಿಮಗೆ ಅಗ್ಗದ ಡಬ್ಬಿ ಕ್ಯಾಮೆರಾನೇ ಸಾಕಾಗಿತ್ತು ಸ್ವಾಮಿ," ಎಂದರಂತೆ ಸ್ಟುಡಿಯೋದವರು. ಡಬ್ಬಿಯಾಗಿದ್ದರೂ ಅಪ್ಪ ವಿಭೂತಿ ಹಚ್ಚದೆ ಬಿಡುತ್ತಿದ್ದರೇ?

ಅಮ್ಮ ಹನ್ನೆರಡನ್ನೂ ಸೆರಗಿನಿಂದ ಒರೆಸಿ ಒರೆಸಿ ನೋಡಿದಳು. ಬೈದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದರು. ಅಂದಿನಿಂದ ದಿನವೂ ಅಂಗಡಿ ಮುಚ್ಚಿದ ಮೇಲೆ ಅದೇ ಸ್ಟುಡಿಯೋಗೆ ಹೋಗಿ, ತಮಗಿಂತ ಚಿಕ್ಕವರ ಮುಂದೆ ಕೂತು ಪಾಠ ಹೇಳಿಸಿಕೊಂಡರು. ಪಾಪ, ಎಷ್ಟು ನಾಚಿಕೆಯಾಗಿತ್ತೋ! ಸಂಕ್ರಾಂತಿ ಕಳೆದ ಮೇಲೆ ಅಮ್ಮನನ್ನೂ ನನ್ನನ್ನೂ ರೈಲು ಹತ್ತಿಸಿ ಬೊಂಬಾಯಿಗೆ ಕರೆದೊಯ್ದರು.

ಅಕ್ಕ ಬಾಗಿಲು ತೆರೆದದ್ದೇ ತಡ, ಅಮ್ಮ ಎರಡು ಕೈಯಲ್ಲೂ ಅವಳ ಕೆನ್ನೆ ಹಿಡಿದುಕೊಂಡಳು. "ಸ್ವಲ್ಪ ಪಕ್ಕಕ್ಕೆ ಸರಿಯೇ, ಫೋಟೋ ತೆಗೀಬೇಕು," ಎಂದು ಅಪ್ಪ ಬೇಡಿಕೊಂಡರೂ ಬಿಡಲಿಲ್ಲ. ಕೊನೆಗೆ ಹಾಗೆಯೇ ತೆಗೆದರು. ಚಿತ್ರ ಕನ್ನಡಿಯಷ್ಟು ಚೊಕ್ಕವಾಗಿ ಬಂತು. ಆದರೆ ಅಕ್ಕನ ಅರ್ಧ ಮುಖ ಅಮ್ಮನ ಕೈಯ ಹಿಂದೆ!

ಮಕ್ಕಳೇ, ನಿಮ್ಮ ಫೋನು ಬೆಳಕನ್ನೂ ದೂರವನ್ನೂ ತಾನೇ ಅಳೆಯುತ್ತದೆ. ಒಂದು ಕೆಟ್ಟರೆ ತಕ್ಷಣ ಇನ್ನೊಂದು. ನನಗೇನೂ ಹೊಟ್ಟೆಕಿಚ್ಚಿಲ್ಲ, ಸ್ವಲ್ಪ ಇದೆ ಅನ್ನಿ. ನಿಮ್ಮ ಸಾವಿರ ಫೋಟೋಗಳಲ್ಲಿ ಎಲ್ಲರ ಮುಖವೂ ಪೂರ್ತಿ ಕಾಣುತ್ತದೆ. ನಮ್ಮ ಅಡುಗೆಮನೆಯ ಗೋಡೆಯಲ್ಲಿ ಇದ್ದದ್ದು ಆ ಅರ್ಧ ಮುಖವೊಂದೇ. ಅಮ್ಮ ಇರುವವರೆಗೂ ಅದನ್ನು ನೋಡದೆ ಒಲೆ ಹಚ್ಚಲಿಲ್ಲ.