ಗಂಗಮ್ಮ ಇಟ್ಟುಕೊಂಡ ಲಂಗರು

ದೊಡ್ಡಬಳ್ಳಾಪುರದ ಪಕ್ಕದ ನಮ್ಮ ಕೆರೆ ಎಷ್ಟೋ ಕಾಲದ ಮೇಲೆ ತುಂಬಿ ಕೋಡಿ ಬಿದ್ದ ವರ್ಷ ನಾನು ಅಲ್ಲಿ ಮೋಟರ್ ಬೋಟ್ ಓಡಿಸುತ್ತಿದ್ದೆ. ಭಾನುವಾರ ಬರುವ ಪೇಟೆ ಜನಕ್ಕೆ ಒಂದು ಸುತ್ತು ತೋರಿಸುವುದು ನನ್ನ ಕೆಲಸ. ಮೋಟರ್ ಹಿಡಿಯುವುದನ್ನು ಬೋಟಿನ ಯಜಮಾನರು ಕಲಿಸಿದರು. ಕೆರೆಯನ್ನು ಯಾರೂ ಕಲಿಸಬೇಕಿರಲಿಲ್ಲ. ಅದು ಒಣಗಿದ್ದಾಗ ಅದರೊಳಗೇ ಕುರಿ ಮೇಯಿಸಿದ್ದೆ, ಸೌದೆ ಕಡಿದಿದ್ದೆ.

ಒಣಗಿದ ಕೆರೆಯ ತುಂಬ ಬಳ್ಳಾರಿ ಜಾಲಿ ಬೆಳೆದಿತ್ತು. ನಾವು ಸೊಂಟದ ಮಟ್ಟಕ್ಕೆ ಕಡಿದು ಮೋಟು ಬಿಟ್ಟಿದ್ದೆವು. ಈಗ ಅವೆಲ್ಲ ನೀರೊಳಗೆ. ಬೋಟು ಜೋರಾಗಿ ತಾಗಿದರೆ ತಳ ಸೀಳುತ್ತದೆ. ಮಧ್ಯೆ ಹಳೆಯ ಗಾಡಿ ಜಾಡಿನಲ್ಲಿ ಮಾತ್ರ ಮರ ಇರಲಿಲ್ಲ. ತೂಬಿನ ಕಲ್ಲುಕಂಬವನ್ನೂ ಅದರ ಹಿಂದಿನ ಬೇವಿನ ಮರವನ್ನೂ ಒಂದೇ ಗೆರೆಗೆ ತಂದುಕೊಂಡರೆ ಬೋಟು ಜಾಡಿನ ಮೇಲಿರುತ್ತದೆ.

ಕೋಡಿ ಬಿದ್ದ ಕೆರೆಗೆ ಬಾಗಿನ ಕೊಡುವುದು ರೂಢಿ. ಮೊರದಲ್ಲಿ ಅರಿಸಿನ, ಕುಂಕುಮ, ಬಳೆ ಇಟ್ಟು ಗಂಗಮ್ಮನಿಗೆ ತೇಲಿಬಿಡುತ್ತಾರೆ. ನಡುನೀರಿನಲ್ಲೇ ಕೊಡಬೇಕು ಎಂದು ಊರಿನ ಐದಾರು ಹೆಂಗಸರು ಬೋಟು ಹತ್ತಿದರು. ಅವರಲ್ಲಿ ನನ್ನ ಸೊಸೆಯ ತಾಯಿ ನಂಜಮ್ಮನೂ ಒಬ್ಬರು.

“ಏನ್ ಬೀಗಮ್ಮ, ಸೌಟು ಹಿಡಿಯೋ ಕೈಗೆ ನಮ್ ಪ್ರಾಣ ಕೊಡ್ಬೇಕಾ?” ಎಂದರು.

“ಕೊಡ್ಬೇಡಿ, ಈಜ್ಕೊಂಡ್ ಬನ್ನಿ. ಮೊದ್ಲು ಲೈಫ್ ಜಾಕೆಟ್ ಹಾಕ್ಕಳಿ.”

“ರೇಷ್ಮೆ ಸೀರೆ ಮೇಲೆ ಈ ಕಿತ್ಲೆ ಬಣ್ಣದ್ದಾ?”

“ಮುಳುಗಿದ್ಮೇಲೆ ನಿಮ್ ರೇಷ್ಮೆನ ಮೀನು ನೋಡ್ತವಾ?”

ಎಲ್ಲರೂ ನಕ್ಕರು, ಹಾಕಿಕೊಂಡರು.

ನಡುನೀರಿಗೆ ಬಂದೆವು. ಗಾಳಿ ಎದ್ದಿತ್ತು. ಬೋಟಿನ ಮೂತಿಯನ್ನು ಅಲೆಗೆ ಕೊಟ್ಟು ಮೋಟರನ್ನು ಮೆಲ್ಲಗೆ ಓಡಿಸುತ್ತಿದ್ದೆ. ಮೊರಗಳು ತೇಲಿಹೋದವು. ನಂಜಮ್ಮ ಗಂಗಮ್ಮನಿಗೆಂದು ಹಸಿರು ಸೀರೆಯನ್ನೂ ತಂದಿದ್ದರು. ಮಡಿಚಿ ಕೊಟ್ಟರೆ ಆಯಮ್ಮ ಉಡುವುದು ಹೇಗೆ ಎಂದು ನನ್ನ ಬೆನ್ನ ಹಿಂದೆ ನಿಂತು ಪೂರಾ ಬಿಚ್ಚಿ ನೀರಿಗೆ ಬಿಟ್ಟರು. ಸೀರೆ ಪ್ರೊಪೆಲರಿಗೆ, ಅಂದರೆ ನೀರೊಳಗೆ ತಿರುಗುವ ರೆಕ್ಕೆಗೆ, ಸುತ್ತಿಕೊಂಡಿತು. ಮೋಟರ್ ಗಕ್ಕನೆ ನಿಂತಿತು.

ನಿಂತ ಬೋಟು ಅಲೆಗೆ ಪಕ್ಕೆ ಕೊಡುತ್ತದೆ. ನೀರು ಒಳಕ್ಕೆ ಹಾರಿತು. ಗಾಳಿ ನಮ್ಮನ್ನು ಕೋಡಿಯ ಕಡೆಗೆ ತಳ್ಳುತ್ತಿತ್ತು. ಅಲ್ಲಿ ನೀರು ಬಂಡೆಯ ಮೇಲೆ ಬೀಳುವ ಸದ್ದು ಕೇಳಿಸಿತು. ಅಲ್ಲಿಗೆ ಹೋದರೆ ಮುಗಿಯಿತು.

“ಎಲ್ರೂ ಕೆಳಕ್ಕೆ ಕೂತ್ಕಳಿ! ಎದ್ದೋರ್ನ ನಾನೇ ತಳ್ತೀನಿ!”

ಕೂತರು. ನಾನು ತೆವಳಿಕೊಂಡು ಮುಂದೆ ಹೋಗಿ ಲಂಗರು ಎಸೆದೆ. ಹೂಳಿನಲ್ಲಿ ಜಾರುತ್ತಾ ಬಂತು. ಆಗ ಜಾಲಿ ನೆನಪಾಯಿತು. ದಿನವೂ ಯಾವುದರಿಂದ ತಪ್ಪಿಸಿಕೊಂಡು ಓಡಾಡುತ್ತಿದ್ದೆನೋ ಅದೇ ಈಗ ಬೇಕಾಗಿತ್ತು. ಲಂಗರನ್ನು ಎಳೆದುಕೊಂಡು ಜಾಡಿನ ಬಲಕ್ಕೆ, ಮೋಟುಗಳ ಮಧ್ಯೆ ಎಸೆದೆ. ಕಚ್ಚಿಕೊಂಡಿತು. ಹಗ್ಗ ಬಿಗಿಯಿತು, ಬೋಟಿನ ಮೂತಿ ತಾನಾಗಿ ಅಲೆಗೆ ತಿರುಗಿತು.

ಕೀ ತೆಗೆದು ಮೋಟರನ್ನು ಮೇಲಕ್ಕೆತ್ತಿದೆ. ನಂಜಮ್ಮ ನನ್ನ ಸೊಂಟ ಹಿಡಿದುಕೊಂಡರು, ನಾನು ಬಗ್ಗಿ ಚಾಕುವಿನಲ್ಲಿ ಸೀರೆ ಕೊಯ್ದೆ.

“ಅಯ್ಯೋ, ಸೆರಗು ಬಿಟ್ಟು ಕೊಯ್ರಿ ಬೀಗಮ್ಮ!”

“ಬಿಗಿಯಾಗಿ ಹಿಡ್ಕಳಿ. ಸೆರಗಂತೆ!”

ಮೋಟರ್ ಮತ್ತೆ ಶುರುವಾಯಿತು. ಲಂಗರು ಮಾತ್ರ ಏನು ಮಾಡಿದರೂ ಮೇಲೆ ಬರಲಿಲ್ಲ. ಹಗ್ಗ ಕತ್ತರಿಸಿ ಹೊರಟೆವು. ಏರಿಯ ಮೇಲಿನ ಜನ ನಾವು ಏನೋ ದೊಡ್ಡ ಪೂಜೆ ಮಾಡುತ್ತಿದ್ದೇವೆ ಎಂದುಕೊಂಡು ತಮಟೆ ಜೋರು ಮಾಡಿದರು. ನಾವು ನೆನೆದು ತೊಪ್ಪೆಯಾಗಿ, ಹೊಟ್ಟೆ ಹಿಡಿದುಕೊಂಡು ನಗುತ್ತಾ ಇಳಿದೆವು.

ನಂಜಮ್ಮ ಸೀರೆಯ ಚಿಂದಿಯನ್ನು ಎಲ್ಲರಿಗೂ ಹಂಚಿದರು. “ಗಂಗಮ್ಮಂಗೆ ಸೀರೆ ಬ್ಯಾಡ್ವಂತೆ ಕಣ್ರಮ್ಮ, ಕಬ್ಣ ಇಟ್ಕೊಂಡ್ಳು,” ಎಂದರು.

ಯಜಮಾನರು ಹೊಸ ಲಂಗರು ತಂದುಕೊಟ್ಟರು. ನನ್ನ ಪಾಲಿನ ಹಸಿರು ಚೂರನ್ನು ಅದರ ಹಗ್ಗಕ್ಕೆ ಕಟ್ಟಿದ್ದೇನೆ, ಭಕ್ತಿಗಲ್ಲ, ಹತ್ತುವವರಿಗೆ ತೋರಿಸುವುದಕ್ಕೆ. ಮೋಟರ್ ಓಡುತ್ತಿರುವಾಗ ದೇವರಿಗೂ ಏನೂ ಕೊಡಬಾರದು. ನಿಲ್ಲಿಸುತ್ತೇನೆ, ಆಮೇಲೆ ಕೊಡಿ. ಗಂಗಮ್ಮ ಕಾಯುತ್ತಾಳೆ.