ಎಂಟು ನಿಮಿಷದ ಸೌತೆಬೀಜ

ನಾನು ಮನೆ ಅಳಿಯ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಗಾವಡಗೆರೆ ಕಡೆಯ ನಮ್ಮ ಊರಿನಲ್ಲಿ ನನ್ನನ್ನು ಯಾರಿಗಾದರೂ ಪರಿಚಯಿಸುವಾಗ ಮೊದಲು ಹೇಳುವುದೇ ಅದನ್ನು. ಹುಣಸೂರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಅನ್ನುವುದು ಆಮೇಲೆ, ನೆನಪಾದರೆ. ಆ ಮನೆಯಲ್ಲಿ ನನಗೆ ಸಿಗುತ್ತಿದ್ದ ಮರ್ಯಾದೆ ಒಂದೇ ಒಂದು. ರಾತ್ರಿ ನಾನು ಬಂದು ಕೂರುವವರೆಗೆ ಮಾವ ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ಅಳಿಯನನ್ನು ಬಿಟ್ಟು ಉಣ್ಣಬಾರದು ಎಂಬುದು ಅವರ ಕಡೆಯ ಪದ್ಧತಿ. ನಾನು ಎಷ್ಟು ತಡಮಾಡಿದರೂ, ಮುದ್ದೆ ಆರಿಹೋದರೂ, ಮಾವ ಗೋಡೆಗೊರಗಿ ಕಾಯುತ್ತಿದ್ದರು. ಹನ್ನೊಂದು ವರ್ಷ ಹೀಗೆ ನಡೆಯಿತು.

ಇಷ್ಟು ಸುಖ ಸಾಲದೆಂದು ನಾನು ದೂರದರ್ಶಕ ಕೊಂಡೆ. ಸೆಕೆಂಡ್ ಹ್ಯಾಂಡ್, ಮೈಸೂರಿನಲ್ಲಿ. ಅದರ ಜೊತೆಗೆ ಮೌಂಟ್ ಎಂಬ ಕಬ್ಬಿಣದ ಗಂಟು ಬಂತು. ಭೂಮಿ ತಿರುಗುತ್ತದಲ್ಲ, ಅದಕ್ಕೆ ಸರಿಯಾಗಿ ದೂರದರ್ಶಕವನ್ನು ಎದುರು ದಿಕ್ಕಿಗೆ ಮೆಲ್ಲಗೆ ತಿರುಗಿಸುತ್ತಾ ನಕ್ಷತ್ರವನ್ನು ಒಂದೇ ಜಾಗದಲ್ಲಿ ಹಿಡಿದಿಡುವುದು ಅದರ ಕೆಲಸ. ಮನೆ ಮುಂದಿನ ಕಣದಲ್ಲಿ, ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಬೇಯಿಸುವ ಬ್ಯಾರನ್ನಿನ ಎದುರಿಗೇ ಕಂಬ ನೆಟ್ಟು ಸಿಮೆಂಟು ಹಾಕಿ ಕೂರಿಸಿದೆ. ಮೊದಲ ಫೋಟೋ ತೆಗೆದು, ಲ್ಯಾಪ್‌ಟಾಪನ್ನು ಮಾವನ ಮುಂದೆ ಹಿಡಿದೆ. ಮಾವ ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಇವು ನಕ್ಷತ್ರವಾ? ಸೌತೆಬೀಜ ಎರಚ್ದಂಗವೆ ಕಣ್ರೀ ಅಳಿಯಂದ್ರೆ."

ನಿಜ. ಒಂದೊಂದು ನಕ್ಷತ್ರವೂ ಉದ್ದುದ್ದಕ್ಕೆ ಎಳೆದುಕೊಂಡಿತ್ತು. ಮೌಂಟಿನೊಳಗೆ ಒಂದು ತಿರುಪಿನ ಹಲ್ಲುಚಕ್ರ ಇರುತ್ತದೆ. ಅದು ಎಂಟು ನಿಮಿಷಕ್ಕೊಂದು ಸುತ್ತು ಹಾಕುತ್ತದೆ. ಅದನ್ನು ಕಡೆದವರು ಕೂದಲೆಳೆಯಷ್ಟು ಓರೆ ಮಾಡಿದ್ದರೂ ಸಾಕು, ಎಂಟು ನಿಮಿಷಕ್ಕೊಮ್ಮೆ ನಕ್ಷತ್ರ ಅತ್ತ ಸರಿದು ಇತ್ತ ಬರುತ್ತದೆ. ತಪ್ಪು ಮಾಡುತ್ತದೆ, ಆದರೆ ಶಿಸ್ತಾಗಿ, ವೇಳಾಪಟ್ಟಿ ಹಾಕಿಕೊಂಡು. ನಮ್ಮ ಶಿಕ್ಷಣ ಇಲಾಖೆಯಲ್ಲೂ ಇಂಥ ಶಿಸ್ತನ್ನು ನಾನು ಕಂಡಿರಲಿಲ್ಲ.

ನಾನು ವಿಜ್ಞಾನದ ಮೇಷ್ಟ್ರಾದ್ದರಿಂದ ತಪ್ಪು ಬೇರೆಯವರದೇ ಇರಬೇಕೆಂದು ತಕ್ಷಣ ತೀರ್ಮಾನಿಸಿದೆ. ಆಯುಧಪೂಜೆಯ ದಿನ ಮಾವ ಟ್ರ್ಯಾಕ್ಟರು, ಕುಡುಗೋಲು, ಮಿಕ್ಸಿಯ ಜೊತೆಗೆ ನನ್ನ ಮೌಂಟಿಗೂ ವಿಭೂತಿ ಬಳಿದು ಕುಂಕುಮ ಇಟ್ಟಿದ್ದರು. ಆ ಕುಂಕುಮ ಹಲ್ಲುಚಕ್ರಕ್ಕೆ ಇಳಿದಿದೆ ಎಂದು ಹಾರಾಡಿದೆ. ಒಂದು ಭಾನುವಾರವಿಡೀ ಕೂತು ಮೌಂಟನ್ನು ಬಿಚ್ಚಿದೆ. ಒಳಗೆ ಕುಂಕುಮದ ಒಂದು ಕಣವೂ ಇರಲಿಲ್ಲ. ಮತ್ತೆ ಜೋಡಿಸಿದಾಗ ಎರಡು ಸ್ಕ್ರೂ ಮಿಕ್ಕವು. ಅವನ್ನು ಯಾರಿಗೂ ಕಾಣದಂತೆ ಜೇಬಿಗೆ ಹಾಕಿಕೊಂಡೆ.

ಈ ರೋಗಕ್ಕೆ ಮೌಂಟಿನಲ್ಲೇ ಒಂದು ಮದ್ದಿದೆ. ಅಡ್ಡಗೆರೆ ಉದ್ದಗೆರೆಗಳು ಕೆಂಪಗೆ ಹೊಳೆಯುವ ಒಂದು ಮಸೂರದಲ್ಲಿ ನಕ್ಷತ್ರವನ್ನು ನೋಡುತ್ತಾ, ಅದು ಗೆರೆ ಬಿಟ್ಟು ಸರಿದಾಗಲೆಲ್ಲ ಕೈಯಲ್ಲಿರುವ ಪೆಟ್ಟಿಗೆಯ ಗುಂಡಿ ಒತ್ತಿ ವಾಪಸು ತರಬೇಕು. ಹೀಗೆ ಪೂರಾ ಎಂಟು ನಿಮಿಷ. ನಾವು ಯಾವಾಗ ಯಾವ ಗುಂಡಿ ಒತ್ತಿದೆವೆಂದು ಯಂತ್ರ ನೆನಪಿಟ್ಟುಕೊಂಡು, ಮುಂದಿನ ಸುತ್ತುಗಳಲ್ಲಿ ತಾನೇ ತಿದ್ದಿಕೊಳ್ಳುತ್ತದೆ. ಪೌಷದ ಚಳಿಯಲ್ಲಿ ಮಫ್ಲರು ಸುತ್ತಿಕೊಂಡು, ಎಡಗಣ್ಣು ಮುಚ್ಚಿ, ಸೊಂಟ ಬಗ್ಗಿಸಿ ನಾಲ್ಕು ಸಂಜೆ ಒತ್ತಿದೆ. ಸೌತೆಬೀಜ ಹೋಗಿ ಅವರೆಕಾಯಿ ಆಯಿತು.

ಮಾವ ಇದನ್ನೆಲ್ಲ ಬ್ಯಾರನ್ನಿನ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಮಂಡಿ ನೋವೆಂದು ಆ ವರ್ಷ ಹೊಲವನ್ನು ಬೇರೆಯವರಿಗೆ ಪಾಲಿಗೆ ಕೊಟ್ಟಿದ್ದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಅವರ ಬ್ಯಾರನ್ನಿಗೆ ಬೆಂಕಿ ಹಾಕಿರಲಿಲ್ಲ. ಸೊಪ್ಪು ಹದ ಮಾಡುವುದರಲ್ಲಿ ಅವರದು ಎತ್ತಿದ ಕೈ. ಪಿರಿಯಾಪಟ್ಟಣದ ಕಡೆಯಿಂದಲೂ ಬಂದು ಕರೆದುಕೊಂಡು ಹೋಗುತ್ತಿದ್ದರು. ಈಗ ಯಾರೂ ಕರೆಯುತ್ತಿರಲಿಲ್ಲ. ಬೆಳಗ್ಗೆ ಎದ್ದು ಖಾಲಿ ಬ್ಯಾರನ್ನಿನ ಬಾಗಿಲು ತೆಗೆದು, ಒಳಗೆ ನೋಡಿ, ಮತ್ತೆ ಹಾಕುತ್ತಿದ್ದರು. ನನಗೆ ಅದು ಕಾಣುತ್ತಿತ್ತು, ಆದರೆ ನನ್ನ ಕಷ್ಟವೇ ನನಗೆ ಹೆಚ್ಚಾಗಿತ್ತು.

ಐದನೆಯ ಸಂಜೆ ಅವರು ಎದ್ದು ಬಂದರು.

"ಅದು ಸರುದ್ಮೇಲೆ ಒತ್ತೀರಲ್ಲ ನೀವು, ಅದ್ಕೇ ಅಂಗಾಗೋದು. ಬ್ಯಾರನ್ ಕಾವು ಬಿದ್ಮೇಲೆ ಸೌದೆ ಆಕುದ್ರೆ ಏನ್ ಬಂತು? ಸೊಪ್ಪು ಆಗ್ಲೇ ಕೆಟ್ಟೋಗಿರ್ತದೆ. ಬೀಳೋ ವತ್ತು ನೋಡ್ಕಂಡು ಮೊದ್ಲೇ ಆಕ್ಬೇಕು."

"ಮಾವ, ಇದು ಬೆಂಕಿಯಲ್ಲ. ಇದರ ಲೆಕ್ಕಾಚಾರ ಬೇರೆ" ಎಂದೆ. ತರಗತಿಯಲ್ಲಿ ಹಿಂದಿನ ಬೆಂಚಿನವರಿಗೆ ಹೇಳುವ ದನಿಯಲ್ಲಿ.

"ಇರ್ಲಿ ಬುಡಿ. ಒಂದ್ಕಿತ ಕೊಡಿ ಇಲ್ಲಿ."

ಕೊಟ್ಟೆ. ಸೋಲಲಿ, ಆಮೇಲೆ ಸುಮ್ಮನಾಗುತ್ತಾರೆ ಎಂಬ ದೊಡ್ಡ ಮನಸ್ಸಿನಿಂದಲೇ ಕೊಟ್ಟೆ. ಸ್ಟೂಲಿನ ಮೇಲೆ ಕೂತು ಮಾವ ಮಸೂರಕ್ಕೆ ಕಣ್ಣಿಟ್ಟರು. ಮೊದಲ ಎಂಟು ನಿಮಿಷ ಗುಂಡಿಯನ್ನು ಮುಟ್ಟಲೇ ಇಲ್ಲ. ಎರಡನೆಯ ಸುತ್ತಿನಲ್ಲೂ ಇಲ್ಲ; ಬಾಯಲ್ಲಿ ಮಾತ್ರ ಏನೋ ಮಣಮಣ ಅನ್ನುತ್ತಿದ್ದರು. ಮೂರನೆಯ ಸುತ್ತಿಗೆ "ಈಗ ನಿಮ್ ಮಿಸೀನ್ಗೆ ಬರ್ಕೊಳಕ್ಕೇಳಿ" ಎಂದರು. ಅವರ ಹೆಬ್ಬೆರಳು ಒಂದೊಂದೇ ಸಲ, ಅವಸರವಿಲ್ಲದೆ ಗುಂಡಿ ಒತ್ತುತ್ತಿತ್ತು. ಎಂಟು ನಿಮಿಷ ಮುಗಿದ ಮೇಲೆ ಎದ್ದು, ಮಂಡಿ ಹಿಡಿದುಕೊಂಡು ಒಳಗೆ ಹೋದರು.

ಆ ಸಂಜೆ ಮಹಾವ್ಯಾಧ ನಕ್ಷತ್ರಪುಂಜದ ನೀಹಾರಿಕೆಯ ಫೋಟೋ ತೆಗೆದೆ. ನಕ್ಷತ್ರಗಳು ಗುಂಡಗೆ, ಸಾಸಿವೆ ಕಾಳಿನಂತೆ ಬಂದವು. ನಡುವೆ ನಸುಗೆಂಪಿನ ಮೋಡ. ಲ್ಯಾಪ್‌ಟಾಪು ಹಿಡಿದುಕೊಂಡು ಓಡಿದೆ. ಮಾವ ಊಟಕ್ಕೆ ಕಾಯುತ್ತಿದ್ದರು. ತುಂಬ ಹೊತ್ತು ನೋಡಿ, "ಹದವಾಗಿ ಬಂದದೆ" ಎಂದರು. ಅಂದು ಅವರು ಎರಡು ಮುದ್ದೆ ಉಂಡರು. ಆಮೇಲೆ ದಿನಾ ಸಂಜೆ "ನನ್ ಕೈ ಇನ್ನೂ ಅದ್ರೊಳಗದಾ?" ಎಂದು ಕೇಳುತ್ತಿದ್ದರು. ಕರೆಂಟು ತಪ್ಪಿದರೆ ಆ ಯಂತ್ರ ಕಲಿತದ್ದನ್ನೆಲ್ಲ ಮರೆತುಬಿಡುತ್ತದೆ. ಅದಕ್ಕೇ ಬ್ಯಾಟರಿಗೆ ಸಿಕ್ಕಿಸಿ, ವೈರಿಗೆ "ಯಾರೂ ಮುಟ್ಟಬಾರದು" ಎಂದು ಚೀಟಿ ಅಂಟಿಸಿದ್ದೆ. ಕಸ ಗುಡಿಸುವಾಗ ನನ್ನ ಹೆಂಡತಿಯ ಸೆರಗು ತಾಗಿದ್ದಕ್ಕೇ ಕೂಗಾಡಿದ್ದೆ.

ಫೋಟೋ ವಾಟ್ಸಪ್ಪಿನಲ್ಲಿ ಹರಡಿತು. ಹೆಗ್ಗಡದೇವನಕೋಟೆಯ ಒಂದು ಶಾಲೆಯವರು, ನಮ್ಮಲ್ಲಿಗೆ ಬಂದು ಮಾತಾಡಿ, ದೂರದರ್ಶಕವನ್ನೂ ತನ್ನಿ ಎಂದು ಕರೆದರು. ನಾನು ಮೌಂಟನ್ನು ಕಂಬದಿಂದ ಇಳಿಸಿದೆ. ಬಾಡಿಗೆಯ ಓಮ್ನಿ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿತ್ತು. ನಾನೇ ಅಂಟಿಸಿದ ಚೀಟಿಯನ್ನು ಪಕ್ಕಕ್ಕೆ ಸರಿಸಿ, ನಾನೇ ವೈರನ್ನು ಕಿತ್ತೆ. ಶಾಲು, ಹಾರದ ಯೋಚನೆಯಲ್ಲಿದ್ದವನಿಗೆ ಅದು ತಿಳಿಯಲೂ ಇಲ್ಲ.

ಮಾವ ಇಸ್ತ್ರಿ ಮಾಡಿದ ಪಂಚೆಯುಟ್ಟು ನನ್ನ ಜೊತೆ ಬಂದರು, ಮುಂದಿನ ಸಾಲಿನಲ್ಲಿ ಕೂತರು. ನಾನು ಸೌತೆಬೀಜದ ಫೋಟೋವನ್ನೂ ಸಾಸಿವೆಯ ಫೋಟೋವನ್ನೂ ಗೋಡೆಯ ಮೇಲೆ ಪಕ್ಕಪಕ್ಕ ತೋರಿಸಿದೆ. ಮುಖ್ಯೋಪಾಧ್ಯಾಯರು ಎದ್ದು, "ಇದನ್ನ ಇಷ್ಟು ಚೆನ್ನಾಗಿ ಹೇಗೆ ಸರಿಮಾಡಿದ್ರಿ ಸರ್?" ಎಂದು ಕೇಳಿದರು.

ಮಾವ ಬೆನ್ನು ನೆಟ್ಟಗೆ ಮಾಡಿ ಕೂತದ್ದು ನನಗೆ ಕಂಡಿತು.

ಹೊಗೆಸೊಪ್ಪು ಬೇಯಿಸುವ ನಮ್ಮ ಮಾವ ಸರಿಮಾಡಿದರು ಎನ್ನಲು ಒಂದು ಉಸಿರು ಸಾಕಿತ್ತು. ಅಷ್ಟು ಜನ ಮೇಷ್ಟ್ರುಗಳ ಮುಂದೆ ಆ ಉಸಿರು ಹೊರಡಲಿಲ್ಲ. "ಅದಕ್ಕೆಲ್ಲ ಸಾಫ್ಟ್‌ವೇರ್ ಇದೆ ಸರ್" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾವನೂ ತಟ್ಟಿದರು, ಎಲ್ಲರೂ ನಿಲ್ಲಿಸಿದ ಮೇಲೂ ಒಂದೆರಡು.

ಮಾರನೆಯ ದಿನ ಮೌಂಟನ್ನು ಮತ್ತೆ ಕಂಬಕ್ಕೇರಿಸಿ ಫೋಟೋ ತೆಗೆದರೆ ಸೌತೆಬೀಜ. ಆಗ ವೈರಿನ ನೆನಪಾಯಿತು. ಯಂತ್ರದೊಳಗಿದ್ದ ಮಾವನ ಕೈ ಹೋಗಿತ್ತು. ಎರಡು ಸಂಜೆ ನಾನೇ ಗುಂಡಿ ಒತ್ತಿದೆ. ಅವರು ಮಾಡಿದಂತೆಯೇ ಮೊದಲೆರಡು ಸುತ್ತು ಸುಮ್ಮನೆ ನೋಡಿಯೂ ಆಯಿತು. ನನಗೆ ಬರಲಿಲ್ಲ. ಮೂರನೆಯ ಸಂಜೆ ಪೆಟ್ಟಿಗೆ ಹಿಡಿದುಕೊಂಡು ಕಟ್ಟೆಯ ಹತ್ತಿರ ಹೋದೆ.

"ಮಾವ, ಅದು ಎಲ್ಲ ಮರೆತುಬಿಟ್ಟಿದೆ. ಇನ್ನೊಂದು ಸಲ ನೀವು..."

ಅವರು ನನ್ನ ಮುಖ ನೋಡಲಿಲ್ಲ. "ಸಾಫ್ಟ್‌ವೇರ್ ಮಾಡ್ತದೆ ಬುಡಿ ಅಳಿಯಂದ್ರೆ" ಎಂದು ಹೇಳಿ ಎದ್ದು, ಪಂಚೆ ಕೊಡವಿಕೊಂಡು ಒಳಗೆ ಹೋದರು.

ನಾಚಿಕೆಯಾಯಿತು. ತಪ್ಪಾಯಿತು ಅನ್ನಬೇಕೆಂದುಕೊಂಡೆ, ಅದನ್ನು ಊಟಕ್ಕೆ ಕೂತಾಗ ಹೇಳೋಣವೆಂದು ನಿಧಾನ ಮಾಡಿದೆ. ವೈರು ಸುತ್ತಿ, ದೂರದರ್ಶಕಕ್ಕೆ ಟಾರ್ಪಾಲು ಹೊದಿಸಿ, ಕೈಕಾಲು ತೊಳೆದು ಅಡುಗೆಮನೆಗೆ ಬಂದೆ. ನನ್ನ ತಟ್ಟೆ ಒಂದೇ ಇತ್ತು. ಮಾವ ಉಂಡ ತಟ್ಟೆ ತೊಳೆದು ಬೋರಲು ಹಾಕಿತ್ತು.